ಉಳುಕಿದ ಕಾಲು, ಇಳಕಲ್ಲಿನ ಸೆರಗು

ಬಾದಾಮಿಯಿಂದ ಗುಡ್ಡದ ಕಾಲುದಾರಿ ಹಿಡಿದು ಮಹಾಕೂಟಕ್ಕೆ ಹೋದರೆ ಕೊನೆಗೆ ಕಲ್ಲಿನ ಇಳಿಜಾರು. ಏರುವಾಗ ಏದುಸಿರು; ಪಾದ ಹೊರಳುವುದು ಮಾತ್ರ ಇಳಿಯುವಾಗ. ಎಲುಬು ಮುರಿದಿಲ್ಲ, ಚರ್ಮ ಹರಿದಿಲ್ಲ, ಆದರೂ ಗಿಣ್ಣು ಊದಿ ಕಾಲೂರಲಾಗದು. ಹಾಗೆ ಉಳುಕಿದ್ದು ಅಸ್ಥಿರಜ್ಜು: ಎಲುಬಿಗೆ ಎಲುಬು ಕಟ್ಟುವ ಸಂಯೋಜಕ ಅಂಗಾಂಶ.

ಇದು ಹೇಗಿರುತ್ತದೆಂದು ತಿಳಿಯಲು ಇಳಕಲ್ಲಿನ ಮಗ್ಗದ ಮುಂದೆ ಕೂತು ನೋಡಬೇಕು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದು. ಎರಡರ ಎಳೆಗಳನ್ನೂ ಕುಣಿಕೆಗೆ ಕುಣಿಕೆ ಸಿಕ್ಕಿಸಿ ಕೂಡಿಸುತ್ತಾರೆ. ಇದೇ ‘ತೋಪ ತೆನಿ’. ಸ್ನಾಯುವನ್ನು ಎಲುಬಿಗೆ ಹಿಡಿದಿಡುವ ಸ್ನಾಯುರಜ್ಜುವೂ ಅಂಟಿಸಿದ್ದಲ್ಲ, ಅದರ ಎಳೆಗಳು ಎಲುಬಿನೊಳಕ್ಕೇ ಹೊಕ್ಕಿರುತ್ತವೆ.

ಚರ್ಮದ ಮೇಲ್ಪದರದಲ್ಲಿ ಜೀವಕೋಶಗಳು ಒತ್ತೊತ್ತಾಗಿವೆ. ಸಂಯೋಜಕ ಅಂಗಾಂಶದಲ್ಲಿ ಕೋಶಗಳು ವಿರಳ, ಅವು ನೇಯ್ದದ್ದೇ ಹೆಚ್ಚು. ಫೈಬ್ರೊಬ್ಲಾಸ್ಟ್ ಎಂಬ ನೇಕಾರ ಕೋಶ ತೆಗೆಯುವ ಮುಖ್ಯ ನೂಲು ಕೊಲಾಜೆನ್. ಮೂರೆಳೆ ಹುರಿಗೊಂಡ ಹಗ್ಗವಿದು. ಜಗ್ಗಿದರೆ ಸುಲಭಕ್ಕೆ ಹಿಗ್ಗದು. ದೇಹದ ಪ್ರೋಟೀನಿನಲ್ಲಿ ಸುಮಾರು ಕಾಲುಭಾಗಕ್ಕೂ ಹೆಚ್ಚು ಇದೇ. ಹುರಿ ಗಟ್ಟಿಯಾಗಲು ಸಿ ವಿಟಮಿನ್ ಬೇಕು. ನೆಲ್ಲಿಕಾಯಿ, ಪೇರಲೆ, ನಿಂಬೆ ಯಾವುದೂ ಸಿಗದ ಹಳೆಯ ಕಾಲದ ನಾವಿಕರ ಒಸಡಿನಿಂದ ರಕ್ತ ಒಸರುತ್ತಿದ್ದುದು ಇದಕ್ಕೇ. ಇನ್ನೊಂದು ನೂಲು ಎಲಾಸ್ಟಿನ್, ಹಿಗ್ಗಿ ಮರಳುವಂಥದ್ದು. ಶ್ವಾಸಕೋಶದಲ್ಲಿ, ದೊಡ್ಡ ಅಪಧಮನಿಗಳ ಗೋಡೆಯಲ್ಲಿ ಅದರ ಕೆಲಸ. ಎಳೆಗಳ ನಡುವೆ ನೀರು ಹಿಡಿದ ಲೋಳೆ.

ಎಳೆಗಳು ಒಂದೇ ದಿಕ್ಕಿಗೆ ಬಿಗಿದರೆ ರಜ್ಜು, ಲೋಳೆ ಹೆಚ್ಚಿದರೆ ಮೃದ್ವಸ್ಥಿ, ಸುಣ್ಣದಂಶ ಕೂಡಿದರೆ ಎಲುಬು. ಕೊಬ್ಬೂ ಇದೇ ಕುಲ. ರಕ್ತವೂ ಇದೇ ಕುಲವೆಂದು ಪಠ್ಯದಲ್ಲಿ ಓದಿದಾಗ ನನಗೆ ನಂಬಿಕೆ ಬಂದಿರಲಿಲ್ಲ. ಅಲ್ಲಿ ಕೋಶಗಳ ನಡುವೆ ಇರುವುದು ದ್ರವ, ಅಷ್ಟೇ ವ್ಯತ್ಯಾಸ.

ಮಂಡಿಯ ಮೃದ್ವಸ್ಥಿಯಲ್ಲಿ ರಕ್ತನಾಳಗಳೇ ಇಲ್ಲ. ಭಾರ ಬಿದ್ದಾಗ ಹಿಂಡಿದ ಅರಿವೆಯಂತೆ ನೀರು ಬಿಡುತ್ತದೆ, ಭಾರ ಸರಿದಾಗ ಪೋಷಕಾಂಶ ಬೆರೆತ ನೀರನ್ನು ಹೀರುತ್ತದೆ. ನಡೆದಾಟವೇ ಅದರ ಊಟ. ಕುಣಿ ಮಗ್ಗದ ತುಳಿಗೆ ಒತ್ತುವ ನೇಕಾರರ ಮಂಡಿಗೆ ಚಲನೆ ಸಿಕ್ಕೀತು, ಬಾಗಿದ ಬೆನ್ನಿಗೆ ಸಿಗುವುದು ಕಡಿಮೆ.

ಅಸ್ಥಿರಜ್ಜುವಿಗೂ ರಕ್ತದ ಹರಿವು ಕಡಿಮೆ. ಅದಕ್ಕೇ ಉಳುಕು ವಾರಗಟ್ಟಲೆ ಕಾಡುತ್ತದೆ. ಹೊಸ ಕೊಲಾಜೆನ್ ಮೊದಲು ಅಡ್ಡಾದಿಡ್ಡಿ ಬೀಳುತ್ತದೆ, ಹದವಾಗಿ ನಡೆದಾಡಿದ ಹಾಗೆಲ್ಲ ಸಾಲಾಗುತ್ತದೆ. ಮೊದಲೆರಡು ದಿನ ತಣ್ಣೀರ ಪಟ್ಟಿ, ಬಿಗಿ ಬ್ಯಾಂಡೇಜು, ಕಾಲೆತ್ತಿ ವಿಶ್ರಾಂತಿ. ಎಣ್ಣೆ ಹಚ್ಚಿ ಜೋರಾಗಿ ತಿಕ್ಕಿಸುವುದು ಬೇಡ. ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ ಎಕ್ಸ್‌ರೇ ತೆಗೆಸಬೇಕು.