ಪೋಡಿಯ ನಂತರ ಹಳೆಯ ಹಿಸ್ಸಾ ಸಂಖ್ಯೆಯ ಉಲ್ಲೇಖಗಳು: ಅರ್ಜಿದಾರರಿಗೆ ಮಾಹಿತಿ

ಪಹಣಿಯು ತಾನೊಂದೇ ಪೂರ್ಣ ದಾಖಲೆಯಲ್ಲ. ಅದರ 9ನೇ ಅಂಕಣದಲ್ಲಿ ಖಾತೆದಾರರ ಹೆಸರಿದ್ದರೆ, ಆ ಹಕ್ಕು ಬಂದ ಬಗೆಯನ್ನು ತಿಳಿಯಲು 10ನೇ ಅಂಕಣದ ಮ್ಯುಟೇಶನ್ ಸಂಖ್ಯೆಯನ್ನು ಹಿಡಿದು ಬೇರೊಂದು ವಹಿಯನ್ನು ನೋಡಬೇಕಾಗುತ್ತದೆ. ಇತರೆ ಹಕ್ಕುಗಳು ಹಾಗೂ ಋಣಗಳು 11ನೇ ಅಂಕಣದಲ್ಲಿರುತ್ತವೆ.

ತಿಪಟೂರು ತಾಲ್ಲೂಕು ಹಾಲ್ಕುರಿಕೆ ಗ್ರಾಮದಲ್ಲಿ 40/2 ಎಂಬ ಹಿಸ್ಸಾದ ತೆಂಗಿನ ತೋಟವನ್ನು ಇಬ್ಬರು ಸಹೋದರರು ವಿಭಾಗಿಸಿಕೊಂಡರೆಂದು ಭಾವಿಸಬಹುದು (ಸಂಖ್ಯೆಯು ಉದಾಹರಣೆಗೆ ಮಾತ್ರ). ಪೋಡಿಯಾದ ಮೇಲೆ ಇಬ್ಬರಿಗೂ ಪ್ರತ್ಯೇಕ ಹಿಸ್ಸಾ ಸಂಖ್ಯೆ ಬರುತ್ತದೆ. ಆದರೆ ತಂದೆಯ ಕಾಲದ ಕ್ರಯಪತ್ರ, ಬ್ಯಾಂಕಿಗೆ ಬರೆದುಕೊಟ್ಟ ಆಧಾರಪತ್ರ, ಬಾವಿಯ ನೀರಿನ ಹಕ್ಕಿನ ಕರಾರು ಇವೆಲ್ಲವೂ 40/2 ಎಂದೇ ಹೇಳುತ್ತಿರುತ್ತವೆ. ಹೊಸ ಸಂಖ್ಯೆಗೆ ಮಾತ್ರ ಋಣಭಾರ ಪ್ರಮಾಣಪತ್ರ ಪಡೆದವರಿಗೆ ಹಳೆಯ ಅಡಮಾನ ಕಾಣದೇ ಹೋಗಬಹುದು. ಖರೀದಿದಾರರು ಸಾಲದ ತೋಟವನ್ನು ಕೊಂಡು ತೊಂದರೆಗೊಳಗಾಗುವುದು ಹೀಗೆಯೇ. ಆದುದರಿಂದ ಹಳೆಯ ಹಾಗೂ ಹೊಸ ಎರಡೂ ಸಂಖ್ಯೆಗಳಿಗೆ ಪ್ರಮಾಣಪತ್ರ ಕೋರತಕ್ಕದ್ದು. 11ನೇ ಅಂಕಣವು ಖಾಲಿಯಿದೆಯೆಂಬ ಕಾರಣಕ್ಕೆ ಇದನ್ನು ಕೈಬಿಡಬಾರದು.

ಅರ್ಜಿಯಲ್ಲಿ 11ಇ ನಕ್ಷೆಯ ವಿವರ ಕೇಳಿರುವುದನ್ನು ಕಂಡು ಅನೇಕರು ಗೊಂದಲಕ್ಕೀಡಾಗುತ್ತಾರೆ. ಹಿಸ್ಸಾದ ಒಂದು ಭಾಗವನ್ನಷ್ಟೇ ಪರಭಾರೆ ಅಥವಾ ವಿಭಾಗ ಮಾಡುವಾಗ ಈ ನಕ್ಷೆ ಅವಶ್ಯ. ಪೂರ್ಣ ಹಿಸ್ಸಾದ ಮಾರಾಟಕ್ಕಾಗಲೀ, ವಾರಸುದಾರರೆಲ್ಲರ ಹೆಸರಿಗೆ ಜಂಟಿಯಾಗಿ ಮಾಡುವ ಪೌತಿ ಖಾತೆಗಾಗಲೀ ಅದು ಬೇಕಿಲ್ಲ.

ಹೊಸ ಪತ್ರ ಬರೆಸುವಾಗ ಷೆಡ್ಯೂಲಿನಲ್ಲಿ ಹೊಸ ಸಂಖ್ಯೆಯನ್ನು ಬರೆದು, ಅದರ ಮುಂದೆ “ಹಳೆಯ ಸಂಖ್ಯೆ 40/2ರ ಪೈಕಿ” ಎಂಬಂತೆ ನಮೂದಿಸುವುದು ಸೂಕ್ತ. ಬಾವಿಯು ಒಬ್ಬರ ಪಾಲಿಗೆ ಬಂದಿದ್ದಲ್ಲಿ ಇನ್ನೊಬ್ಬರ ನೀರಿನ ಹಕ್ಕನ್ನೂ, ಪೈಪು ಹಾಯುವ ದಾರಿಯನ್ನೂ ವಿಭಾಗ ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಸತಕ್ಕದ್ದು.