ಆರಡಿ ಮಾದರಿ ದೋಣಿಗೆ ಗಟ್ಟಿ ಒಡಲು

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರಕ್ಕೆ ಪ್ರವಾಸ ಹೋದವರಲ್ಲಿ ಅನೇಕರು ಐಎನ್‌ಎಸ್ ಚಪಲ್ ಹತ್ತಿ ಇಳಿದಿರುತ್ತಾರೆ. 1976ರಲ್ಲಿ ನೌಕಾಪಡೆ ಸೇರಿ, 2005ರಲ್ಲಿ ನಿವೃತ್ತಿಯಾಗಿ, ಈಗ ವಸ್ತುಸಂಗ್ರಹಾಲಯವಾಗಿರುವ ಕ್ಷಿಪಣಿ ದೋಣಿ ಅದು. ಉದ್ದ 38.6 ಮೀಟರ್, ಅಗಲ 7.6 ಮೀಟರ್, ಪೂರ್ತಿ ಹೇರಿದಾಗ ತೂಕ ಸುಮಾರು 245 ಟನ್. ಎನ್‌ಸಿಸಿ ನೌಕಾ ವಿಭಾಗದ ಶಿಬಿರಗಳಲ್ಲಿ ಹಡಗಿನ ಮಾದರಿ ತಯಾರಿಕೆಯೂ ಒಂದು ಸ್ಪರ್ಧೆ. ಅಂಥ ಮಾದರಿಯನ್ನು ದೊಡ್ಡದಾಗಿ ಕಟ್ಟಿ, ಮೋಟಾರ್ ಕೂರಿಸಿ, ರಿಮೋಟ್‌ನಲ್ಲಿ ಓಡಿಸಬೇಕೆನ್ನುವವರಿಗೆ ಚಪಲ್ ಒಳ್ಳೆಯ ಮೂಲ. ದಡದ ಮೇಲೇ ನಿಂತಿದೆ, ಸುತ್ತ ನಡೆದು ನೋಡಬಹುದು. ಓಡಿಸುವ ನೀರಿಗೆ ತ್ಯಾವಣಿಗೆ ಸೀಮೆಯವರು ದೂರ ಹೋಗಬೇಕಿಲ್ಲ, ಚನ್ನಗಿರಿ ತಾಲ್ಲೂಕಿನಲ್ಲೇ ಸೂಳೆಕೆರೆ ಇದೆ.

1:20 ಪ್ರಮಾಣ ಹಿಡಿಯೋಣ. ಉದ್ದ 1.93 ಮೀಟರ್ ಆಯಿತು, ಅಂದರೆ ಆರಡಿಗೂ ಸ್ವಲ್ಪ ಮೇಲೆ. ಅಗಲ 38 ಸೆಂ.ಮೀ. ತೂಕವನ್ನು ಮಾತ್ರ ಇಪ್ಪತ್ತರಿಂದ ಮೂರು ಸಲ ಭಾಗಿಸಬೇಕು. ಉದ್ದ, ಅಗಲ, ಎತ್ತರ ಮೂರೂ ಕುಗ್ಗುತ್ತವಲ್ಲ. 245 ಟನ್ನನ್ನು 8000ದಿಂದ ಭಾಗಿಸಿದರೆ 30 ಕಿಲೋ ಚಿಲ್ಲರೆ. ಇದೇ ದೋಣಿಯನ್ನು 1:40ರಲ್ಲಿ ಕಟ್ಟಿದರೆ ನಾಲ್ಕು ಕಿಲೋ ಕೂಡ ತೂಗದು. ಉದ್ದ ಎರಡು ಪಟ್ಟಾದರೆ ತೂಕ ಎಂಟು ಪಟ್ಟು. ಚಿಕ್ಕ ದೋಣಿ ಕಟ್ಟಿ ಕೈ ಪಳಗಿದವರೂ ದೊಡ್ಡದಕ್ಕೆ ಹೋದಾಗ ಎಡವುವುದು ಈ ಲೆಕ್ಕದಲ್ಲೇ.

ಇಷ್ಟು ಭಾರದ ಮಾದರಿ ಬಿರುಕು ಬಿಡುವುದು ಸಾಮಾನ್ಯವಾಗಿ ನೀರಿಗಿಳಿಯುವ ಮೊದಲೇ. ತೇಲುವಾಗ ನೀರು ಉದ್ದಕ್ಕೂ ಆಸರೆ ಕೊಡುತ್ತದೆ. ಇಬ್ಬರು ಮೂತಿ ಒಬ್ಬರು, ಬಾಲ ಒಬ್ಬರು ಹಿಡಿದು ಎತ್ತಿದರೋ, ಮೂವತ್ತು ಕಿಲೋ ಪೂರ್ತಿ ನಡುವನ್ನು ಕೆಳಕ್ಕೆ ಜಗ್ಗುತ್ತದೆ. ಎರಡು ಬೆಲ್ಟ್ ಹಾಕಿ, ತುದಿಗಳಿಂದ ಸುಮಾರು 40 ಸೆಂ.ಮೀ. ಒಳಗೆ ಎತ್ತಿದರೆ ನಡುವನ್ನು ಬಾಗಿಸುವ ಆ ಬಲ ಸುಮಾರು ಆರನೇ ಒಂದಕ್ಕೆ ಇಳಿಯುತ್ತದೆ. ಹಾಗಾಗಿ ಬೆಲ್ಟ್ ಕೂರುವ ಆ ಎರಡು ಜಾಗಗಳನ್ನು ನಕ್ಷೆಯಲ್ಲೇ ಗುರುತಿಸಿ, ಅಲ್ಲಿ ಗಟ್ಟಿ ಅಡ್ಡಗೋಡೆ ಬರುವಂತೆ ನೋಡಿಕೊಳ್ಳಬೇಕು.

ಒಡಲು ಗಟ್ಟಿಯಾಗಲಿ ಎಂದು ದಪ್ಪ ಪ್ಲೈವುಡ್ ಹಾಕುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಹಲಗೆ ದಪ್ಪ ದುಪ್ಪಟ್ಟಾದರೆ ಬಿಗಿ ಎಂಟು ಪಟ್ಟು ಹೆಚ್ಚುತ್ತದೆ, ನಿಜ, ತೂಕವೂ ದುಪ್ಪಟ್ಟು. ಬದಲಿಗೆ ಒಡಲೊಳಗಿನ ಅಡ್ಡ ಚೌಕಟ್ಟುಗಳ, ಅಂದರೆ ಪಕ್ಕೆಲುಬುಗಳ ನಡುವಿನ ಅಂತರ ಅರ್ಧ ಮಾಡಿ. ಅದೇ ತೆಳು ಹಲಗೆ ಅದೇ ಒತ್ತಡಕ್ಕೆ ಬಾಗುವುದು ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹೊನ್ನಾಳಿಯ ಹೊಳೆಯಲ್ಲಿ ಹರಿಗೋಲು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಭಾರ ಹೊರುವುದು ಬಿದಿರಿನ ಹೆಣಿಗೆ, ಮೇಲಿನ ಹೊದಿಕೆ ನೀರು ತಡೆಯುವುದಕ್ಕಷ್ಟೆ. ನಮ್ಮ ಅಳತೆಗೆ 15–16 ಸೆಂ.ಮೀ.ಗೊಂದು ಪಕ್ಕೆಲುಬು, 4 ಮಿ.ಮೀ. ನೀರು ತಡೆಯುವ ಪ್ಲೈವುಡ್, ಮೂಲೆಮೂಲೆಗೆ ಉದ್ದುದ್ದ ಮರದ ಪಟ್ಟಿ ಸಾಕು. ಪಕ್ಕೆಲುಬಿನ ನಡುಭಾಗವನ್ನು ಕೊರೆದು ತೆಗೆಯಬಹುದು, ಕೆಲಸ ಮಾಡುವುದು ಅಂಚು.

ಅಡಿಕೆ ಸೀಮೆಯಲ್ಲಿ ಮರ ಸೀಳಿದ ದಬ್ಬೆ ಕಂಡಾಗ ಉದ್ದಪಟ್ಟಿಗೆ ಇದೇ ಆದೀತಲ್ಲ ಅನ್ನಿಸುವುದು ಸಹಜ. ಹೊರಮೈ ಉಕ್ಕಿನ ಹಾಗೆ, ಒಳಮೈ ನಾರುನಾರು. ನೀರು ಹೀರುತ್ತದೆ, ಅಂಟು ಸಮನಾಗಿ ಹಿಡಿಯುವುದಿಲ್ಲ. ದೋಣಿ ಕಟ್ಟುವಾಗ ಕೂರಿಸುವ ಅಟ್ಟಣಿಗೆಗೆ ದಬ್ಬೆ ಬಳಸಿ, ಒಡಲಿಗೆ ಬೇಡ.

ಇನ್ನು ದೋಣಿಯ ಬಾಯಿ. ಬ್ಯಾಟರಿ ಇಳಿಸಲು ಮೇಲ್ಗಡೆ ದೊಡ್ಡ ಕಿಂಡಿ ಬೇಕೇ ಬೇಕು, ದೋಣಿ ಸೋಲುವುದೂ ಅಲ್ಲೇ. ಚಪ್ಪಲಿ ಅಂಗಡಿಯ ರಟ್ಟಿನ ಡಬ್ಬವನ್ನು ಮುಚ್ಚಳ ತೆಗೆದು ತಿರುಚಿ ನೋಡಿ, ಕೈಗೆ ತಿಳಿಯುತ್ತದೆ. ಕಿಂಡಿಯನ್ನು ಒಂದೇ ಉದ್ದಕ್ಕೆ ಕೊರೆಯದೆ ಎರಡಾಗಿಸಿ, ನಡುವೆ ಮೇಲ್ಹಲಗೆಯ ಒಂದು ಅಡ್ಡಪಟ್ಟಿ ಉಳಿಸಬೇಕು. ಸುತ್ತ ಎರಡು ಬೆರಳೆತ್ತರದ ಕಟ್ಟೆ ಕಟ್ಟಬೇಕು. ಮೂಲೆಗಳು ಚೌಕವಾಗಿರದೆ ದುಂಡಗಿರಲಿ, ಬಿರುಕು ಶುರುವಾಗುವುದು ಚೂಪು ಮೂಲೆಯಿಂದ. ಈ ಒಂದು ಕೆಲಸಕ್ಕೆ ಎಷ್ಟು ಸಮಯ ಹೋದರೂ ದಂಡವಲ್ಲ.

ಮರದ ಕೆಲಸ ಮುಗಿದ ಮೇಲೆ ಎಪಾಕ್ಸಿಯಲ್ಲಿ ಅಂಟಿಸುವ ಫೈಬರ್ ಗ್ಲಾಸ್ ಬಟ್ಟೆ. ಹೊರಗೆ ಪೂರ್ತಿ ಒಂದು ಪದರ. ತಳದ ನಡುಗೆರೆ, ಮೂತಿ ಮತ್ತು ಮೂಲೆಗಳಿಗೆ ಎರಡು. ಒಳಗೆ ಪಕ್ಕೆಲುಬು ಒಡಲಿಗೆ ಸೇರುವ ಕಡೆಯೆಲ್ಲ ಎಪಾಕ್ಸಿಗೆ ನುಣ್ಣನೆಯ ಮರದ ಹುಡಿ ಕಲಸಿ, ಬೆರಳಿನಿಂದ ದುಂಡಗೆ ಎಳೆಯಬೇಕು. ಅಗ್ಗದ ಪಾಲಿಯೆಸ್ಟರ್ ರೆಸಿನ್ ಮರಕ್ಕೆ ಎಪಾಕ್ಸಿಯಷ್ಟು ಹಿಡಿಯುವುದಿಲ್ಲ, ಥರ್ಮೋಕೋಲ್ ತಾಗಿದರೆ ಅದನ್ನು ಕರಗಿಸಿಬಿಡುತ್ತದೆ. ಅದಕ್ಕೆ ಬೆರೆಸುವ ಹಾರ್ಡನರ್ ಮತ್ತು ಕೋಬಾಲ್ಟ್ ಎರಡನ್ನೂ ನೇರವಾಗಿ ಒಂದಕ್ಕೊಂದು ಸುರಿದರೆ ಸ್ಫೋಟಿಸಬಹುದು. ಹಾರ್ಡನರ್ ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಎಪಾಕ್ಸಿಗೂ ಕೈಗವಸು ಬೇಕು, ಅಳತೆ ತಪ್ಪಬಾರದು. ನಮ್ಮ ಏಪ್ರಿಲ್ ಬಿಸಿಲಿಗೆ ಕಲಸಿದ್ದು ಬೇಗ ಗಟ್ಟಿಯಾಗುತ್ತದೆ. ಬೆಳಗಿನ ಹೊತ್ತು, ಸ್ವಲ್ಪಸ್ವಲ್ಪವೇ, ಅಗಲ ತಟ್ಟೆಯಲ್ಲಿ ಕಲಸಿ.

ಚಪಲ್‌ಗೆ ಮೂರು ಎಂಜಿನ್, ಮೂರು ಪ್ರೊಪೆಲ್ಲರ್. ಮಾದರಿಯಲ್ಲಿ ನಡುವಿನದೊಂದು ತಿರುಗಿದರೆ ಸಾಕು, ಪಕ್ಕದವು ನೋಟಕ್ಕೆ. ಎಲೆಕ್ಟ್ರಿಕ್ ಸ್ಕೂಟರಿನ 24 ವೋಲ್ಟ್, 250 ವಾಟ್ ಮೋಟಾರ್ ಪೂರ್ತಿ ಹೊರೆಯಲ್ಲಿ 10 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಅಸಲಿ ದೋಣಿಯ 70 ಕಿ.ಮೀ. ವೇಗಕ್ಕೆ ಈ ಅಳತೆಯಲ್ಲಿ ಹೊಂದುವುದು ಗಂಟೆಗೆ 16 ಕಿ.ಮೀ., ಏಕೆಂದರೆ ವೇಗ ಇಳಿಯುವುದು ಪ್ರಮಾಣದ ವರ್ಗಮೂಲದಲ್ಲಿ. 250 ವಾಟ್‌ಗೆ ಅಷ್ಟು ಓಟ ಬಾರದು, ದುಪ್ಪಟ್ಟು ಶಕ್ತಿ ಬೇಕಾದೀತು. ನನ್ನ ಮಟ್ಟಿಗೆ ನಿಧಾನದ ಓಟವೇ ಚೆಂದ. ಜಲಕಳೆ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಮೋಟಾರ್ ನಿಂತಲ್ಲೇ ಹಲವು ಪಟ್ಟು ಕರೆಂಟ್ ಎಳೆದು ಸುಡುತ್ತದೆ, ಫ್ಯೂಸ್ ಮರೆಯಬಾರದು. 2.4 ಗಿಗಾಹರ್ಟ್ಸ್ ಅಲೆ ನೀರನ್ನು ದಾಟದ ಕಾರಣ ರಿಸೀವರಿನ ಆಂಟೆನಾ ನೀರಿನ ಗೆರೆಗಿಂತ ಮೇಲಿರಬೇಕು. ಸಿಗ್ನಲ್ ತಪ್ಪಿದರೆ ಮೋಟಾರ್ ತಾನೇ ನಿಲ್ಲುವಂತೆ ಮೊದಲೇ ಹೊಂದಿಸಿಡಿ.

ಖಾಲಿ ಒಡಲು 10 ಕಿಲೋ, 12 ವೋಲ್ಟಿನ ಯುಪಿಎಸ್ ಬ್ಯಾಟರಿ ನಾಲ್ಕು ಸೇರಿ ಇನ್ನೊಂದು 10 ಕಿಲೋ ಅಂದುಕೊಳ್ಳಿ. ಮೋಟಾರ್, ಶಾಫ್ಟ್ ಕಳೆದು ಉಳಿದದ್ದಕ್ಕೆ ಮರಳಿನ ಚೀಲ, ಆದಷ್ಟೂ ತಳದಲ್ಲಿ. ಮೂತಿಯಲ್ಲೂ ಬಾಲದಲ್ಲೂ ಒಟ್ಟು ಇಪ್ಪತ್ತು ಲೀಟರಿನಷ್ಟು ಥರ್ಮೋಕೋಲ್ ತುಂಬಿದರೆ ನೀರು ನುಗ್ಗಿದರೂ ದೋಣಿ ತಳ ಕಾಣುವುದಿಲ್ಲ. ಬ್ಯಾಟರಿ, ಮರಳು ಎರಡನ್ನೂ ದಡದಲ್ಲಿ ಹೊರಗಿಟ್ಟೇ ದೋಣಿ ಹೊರಬೇಕು, ನೀರಲ್ಲಿ ತೇಲಿಸಿದ ಮೇಲೆ ಒಳಗಿಳಿಸಬೇಕು.

ಮೊದಲ ಪರೀಕ್ಷೆಗೆ ತೋಟದ ಸಿಮೆಂಟ್ ತೊಟ್ಟಿಯೇ ಸರಿ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಜಾರುತ್ತದೆ, ಬಿದ್ದವರು ಹತ್ತಿ ಬರಲಾರರು. ಹರಿಯುವ ಭದ್ರಾ ನಾಲೆ ಬೇಡವೇ ಬೇಡ. ಸೂಳೆಕೆರೆಯಲ್ಲಾದರೆ ಮೀನುಗಾರರನ್ನು ಕೇಳಿ, ಬಲೆ ಬಿಟ್ಟಿರುವ ಕಡೆ ತಿಳಿದುಕೊಂಡು, ಗಾಳಿಯಿಲ್ಲದ ಬೆಳಗ್ಗೆ ಇಳಿಸಿ. ದೋಣಿ ಕುಗ್ಗಿದ ಹಾಗೆ ಅಲೆ ಕುಗ್ಗುವುದಿಲ್ಲ. ಆಷಾಢದ ಗಾಳಿಗೆ ಏಳುವ ಒಂದು ಗೇಣಿನ ಅಲೆ ಈ ಮಾದರಿಗೆ ನಾಲ್ಕೂವರೆ ಮೀಟರಿನ ಕಡಲಲೆ. ನಡುನೀರಿನಲ್ಲಿ ದೋಣಿ ನಿಂತುಹೋದರೆ ಈಜಿ ತರಲು ಹೋಗದೆ, ಗಾಳಿ ಅದನ್ನು ಯಾವ ದಡಕ್ಕೆ ತಳ್ಳುತ್ತದೆ ಎಂದು ನೋಡಿ ಅಲ್ಲಿ ಹೋಗಿ ಕಾಯಿರಿ, ಇಲ್ಲವೇ ತೆಪ್ಪದವರನ್ನು ಕರೆಯಿರಿ.