ನೀರಿನ ಹರಿವಿನ ಪ್ರಮಾಣ: ಗ್ಯಾಲನ್, ಇಂಚು, ಕ್ಯೂಸೆಕ್‌ಗಳನ್ನು ಲೀಟರ್‌ಗೆ ಪರಿವರ್ತಿಸುವ ಬಗೆ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಮುಂತಾದ ಹಳೆಯ ಬಡಾವಣೆಗಳಲ್ಲಿ ನೀರಿಗೆ ಸಂಬಂಧಿಸಿದ ಹಿಂದಿನ ಕಾಗದಪತ್ರಗಳು ಗ್ಯಾಲನ್ ಲೆಕ್ಕದಲ್ಲಿಯೂ, ಇಂದಿನ ಮೀಟರುಗಳು ಲೀಟರ್ ಲೆಕ್ಕದಲ್ಲಿಯೂ ಇರುವುದುಂಟು. ಕೊಳವೆಬಾವಿ ಕೊರೆಯುವವರು ನೀರನ್ನು ‘ಇಂಚು’ಗಳಲ್ಲಿ ಹೇಳುತ್ತಾರೆ, ಜಲಾಶಯದ ಒಳಹರಿವು ‘ಕ್ಯೂಸೆಕ್’ನಲ್ಲಿ ಪ್ರಕಟವಾಗುತ್ತದೆ. ನೀರಿನ ಸಂಪರ್ಕ ಅಥವಾ ಕೊಳವೆಬಾವಿಗೆ ಅರ್ಜಿ ಸಲ್ಲಿಸುವವರು ಇವುಗಳನ್ನು ತಪ್ಪಾಗಿ ಪರಿವರ್ತಿಸಿದಲ್ಲಿ ಪಂಪು, ಪೈಪು ಹಾಗೂ ಸಂಪುಗಳ ಗಾತ್ರದ ಲೆಕ್ಕವೇ ತಪ್ಪುತ್ತದೆ. ಆದ್ದರಿಂದ ಈ ಮಾಹಿತಿಯನ್ನು ನೀಡಲಾಗಿದೆ.

ಹಿನ್ನೆಲೆ

ಬೆಂಗಳೂರಿಗೆ 1896ರಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂದಿತು. ಆ ನೀರನ್ನು ಮುಂದೆ ಮಲ್ಲೇಶ್ವರದ ಜ್ಯುವೆಲ್ ಫಿಲ್ಟರ್ ಘಟಕದಲ್ಲಿ ಶುದ್ಧೀಕರಿಸಲಾಗುತ್ತಿತ್ತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರದ ನೀರು ಇದಕ್ಕೆ ಸೇರಿತು. ಆ ಕಾಲದ ಲೆಕ್ಕವೆಲ್ಲ ಬ್ರಿಟಿಷ್ ಗ್ಯಾಲನ್ ಹಾಗೂ ಘನ ಅಡಿಗಳಲ್ಲಿತ್ತು. 1956ರ ತೂಕ ಮತ್ತು ಅಳತೆ ಮಾನಕಗಳ ಕಾಯ್ದೆಯ ಮೂಲಕ ದೇಶವು ಮೆಟ್ರಿಕ್ ಪದ್ಧತಿಯನ್ನು ಅಂಗೀಕರಿಸಿತು. ಆದರೂ ಹಳೆಯ ಅಳತೆಗಳು ಬಳಕೆಯಿಂದ ಪೂರ್ತಿಯಾಗಿ ಮರೆಯಾಗಲಿಲ್ಲ.

1974ರ ಕಾವೇರಿ ಮೊದಲನೆಯ ಹಂತದ ಸಾಮರ್ಥ್ಯವು ದಿನಕ್ಕೆ 3 ಕೋಟಿ ಗ್ಯಾಲನ್. ಇದನ್ನೇ 13.5 ಕೋಟಿ ಲೀಟರ್ ಎಂದೂ ಬರೆಯಲಾಗುತ್ತದೆ. ಒಂದು ಗ್ಯಾಲನ್‌ಗೆ 4.5 ಲೀಟರ್ ಎಂದು ಹಿಡಿದರೆ ಈ ಅಂಕಿ ದೊರೆಯುತ್ತದೆ; ನಿಖರವಾಗಿ ಗುಣಿಸಿದಲ್ಲಿ ಅದು 13.64 ಕೋಟಿ ಲೀಟರ್ ಆಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡ ಐದನೆಯ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಹಳೆಯ ಲೆಕ್ಕದಲ್ಲಿ ಇದು ಸುಮಾರು 17 ಕೋಟಿ ಗ್ಯಾಲನ್, ಅಥವಾ ಸುಮಾರು 317 ಕ್ಯೂಸೆಕ್ ಹರಿವಿಗೆ ಸಮ.

ಪರಿವರ್ತನೆಯ ಅಂಕಿಗಳು

1 ಬ್ರಿಟಿಷ್ ಗ್ಯಾಲನ್ = 4.546 ಲೀಟರ್
1 ಅಮೆರಿಕನ್ ಗ್ಯಾಲನ್ = 3.785 ಲೀಟರ್
1 ಘನ ಅಡಿ = 28.317 ಲೀಟರ್
1 ಘನ ಮೀಟರ್ = 1,000 ಲೀಟರ್ = 220 ಬ್ರಿಟಿಷ್ ಗ್ಯಾಲನ್
ನಿಮಿಷಕ್ಕೆ 1 ಬ್ರಿಟಿಷ್ ಗ್ಯಾಲನ್ = ಗಂಟೆಗೆ 272.8 ಲೀಟರ್
1 ಕ್ಯೂಸೆಕ್ = ಸೆಕೆಂಡಿಗೆ 1 ಘನ ಅಡಿ = ದಿನಕ್ಕೆ ಸುಮಾರು 24.47 ಲಕ್ಷ ಲೀಟರ್

ಟಿಎಂಸಿ ಎಂಬುದು ಹರಿವಿನ ಅಳತೆಯಲ್ಲ, ಸಂಗ್ರಹದ ಅಳತೆ. ಅಂದರೆ ನೂರು ಕೋಟಿ ಘನ ಅಡಿ. ಜಲಾಶಯಕ್ಕೆ 11,574 ಕ್ಯೂಸೆಕ್ ಒಳಹರಿವು ಇಡೀ ಒಂದು ದಿನ ಮುಂದುವರಿದರೆ ಒಂದು ಟಿಎಂಸಿ ನೀರು ಬಂದಂತಾಗುತ್ತದೆ.

ಯಾವ ಗ್ಯಾಲನ್?

ಪರಿವರ್ತನೆಗೆ ಮೊದಲು ಕೇಳಬೇಕಾದ ಪ್ರಶ್ನೆ ಇದು. ನಮ್ಮ ಹಳೆಯ ದಾಖಲೆಗಳಲ್ಲಿರುವುದು ಬ್ರಿಟಿಷ್ ಗ್ಯಾಲನ್. ಅಮೆರಿಕದಲ್ಲಿ ತಯಾರಾದ ಪಂಪು, ಶೋಧಕಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಅಮೆರಿಕನ್ ಗ್ಯಾಲನ್. ಗಂಟೆಗೆ 1,000 ಗ್ಯಾಲನ್ ಎಂಬ ಬರಹವು ಮೊದಲನೆಯ ಲೆಕ್ಕದಲ್ಲಿ 4,546 ಲೀಟರ್, ಎರಡನೆಯ ಲೆಕ್ಕದಲ್ಲಿ 3,785 ಲೀಟರ್. ಪಂಪು ದಿನಕ್ಕೆ 8 ಗಂಟೆ ನಡೆದರೆ ವ್ಯತ್ಯಾಸವು ಸುಮಾರು 6,090 ಲೀಟರ್‌ಗೆ ಏರುತ್ತದೆ. ಇದು 6,000 ಲೀಟರ್‌ನ ಒಂದು ಟ್ಯಾಂಕರ್ ನೀರಿಗೂ ಮಿಗಿಲು. ಹಲವು ಮನೆಗಳಿರುವ ಕಟ್ಟಡದಲ್ಲಿ ಈ ತಪ್ಪಿನ ಬೆಲೆಯನ್ನು ಬೇಸಿಗೆಯಲ್ಲಿ ನಿವಾಸಿಗಳೇ ತೆರಬೇಕಾಗುತ್ತದೆ.

‘ಇಂಚು’ ನೀರಿನ ಲೆಕ್ಕ

ಕೊಳವೆಬಾವಿಯ ಇಳುವರಿಯನ್ನು ಅಳೆಯಲು ‘ವಿ’ ಆಕಾರದ ಕಂಡಿಯುಳ್ಳ ತಗಡನ್ನು ಬಳಸುವ ರೂಢಿಯಿದೆ. ಕಂಡಿಯ ತಳದಿಂದ ನೀರು ಎಷ್ಟು ಎತ್ತರದಲ್ಲಿ ಹರಿಯುತ್ತದೆಯೋ ಅಷ್ಟು ‘ಇಂಚು’ ನೀರು ಎನ್ನಲಾಗುತ್ತದೆ. ನೀರಿನ ಎತ್ತರ ಹೆಚ್ಚಿದಂತೆ ಕಂಡಿಯೂ ಅಗಲವಾಗುವುದರಿಂದ, ಎತ್ತರ ಇಮ್ಮಡಿಯಾದರೆ ಹರಿವು ಕೇವಲ ಇಮ್ಮಡಿಯಾಗುವುದಿಲ್ಲ. ಐದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಲಂಬಕೋನದ ಕಂಡಿಯಲ್ಲಿ 1 ಇಂಚು ಎಂದರೆ ಗಂಟೆಗೆ ಸುಮಾರು 520 ಲೀಟರ್; 2 ಇಂಚು ಎಂದರೆ ಸುಮಾರು 2,900 ಲೀಟರ್. ಆದುದರಿಂದ ‘ಇಂಚು’ಗಳನ್ನು ನೇರವಾಗಿ ಗುಣಿಸತಕ್ಕದ್ದಲ್ಲ.

ಅರ್ಧ ಇಂಚಿನ ನಲ್ಲಿ ಸಂಪರ್ಕ ಎಂಬಲ್ಲಿನ ‘ಇಂಚು’ ಬೇರೆಯೇ ಆಗಿದೆ. ಅದು ಪೈಪಿನ ಗಾತ್ರವನ್ನು ಮಾತ್ರ ಸೂಚಿಸುತ್ತದೆ. ಮೆಟ್ರಿಕ್ ಪದ್ಧತಿಯಲ್ಲಿ ಇದನ್ನು 15 ಮಿಲಿಮೀಟರ್ ಸಂಪರ್ಕ ಎನ್ನಲಾಗುತ್ತದೆ. ಅದರಲ್ಲಿ ಹರಿಯುವ ನೀರಿನ ಪ್ರಮಾಣವು ಒತ್ತಡ ಹಾಗೂ ಪೈಪಿನ ಉದ್ದವನ್ನು ಅವಲಂಬಿಸಿರುತ್ತದೆ.

ಮನೆಯಲ್ಲಿಯೇ ಪರಿಶೀಲಿಸುವ ವಿಧಾನ

20 ಲೀಟರ್ ಬಕೆಟ್ ತುಂಬಲು ತಗಲುವ ಸಮಯವನ್ನು ಗಡಿಯಾರ ನೋಡಿ ಗುರುತಿಸಿಕೊಳ್ಳಬೇಕು. 20ನ್ನು ಆ ಸೆಕೆಂಡುಗಳಿಂದ ಭಾಗಿಸಿ, 3,600ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಲೀಟರ್ ಎಂಬುದು ತಿಳಿಯುತ್ತದೆ. ಉದಾಹರಣೆಗೆ, 40 ಸೆಕೆಂಡುಗಳಲ್ಲಿ ಬಕೆಟ್ ತುಂಬಿದರೆ ಹರಿವು ಗಂಟೆಗೆ 1,800 ಲೀಟರ್, ಅಂದರೆ ಸುಮಾರು 396 ಬ್ರಿಟಿಷ್ ಗ್ಯಾಲನ್. ಮೂರು ಬಾರಿ ಅಳೆದು ಸರಾಸರಿ ತೆಗೆದುಕೊಳ್ಳುವುದು ಸೂಕ್ತ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಪ್ರಮಾಣವನ್ನು ಲೀಟರ್ ಅಥವಾ ಘನ ಮೀಟರ್‌ಗಳಲ್ಲಿ ನಮೂದಿಸುವುದು.
2. ಸೆಕೆಂಡಿಗೆ, ನಿಮಿಷಕ್ಕೆ, ಗಂಟೆಗೆ, ದಿನಕ್ಕೆ – ಇವುಗಳಲ್ಲಿ ಯಾವುದೆಂದು ತಪ್ಪದೆ ಬರೆಯುವುದು.
3. ಹಳೆಯ ದಾಖಲೆಯ ಅಂಕಿಯನ್ನು ಪರಿವರ್ತಿಸಿದ್ದಲ್ಲಿ ಮೂಲ ಅಂಕಿಯನ್ನೂ ಅದರ ಪಕ್ಕದಲ್ಲಿ ಕಾಣಿಸುವುದು.
4. ಕೊಳವೆಬಾವಿ ಕೊರೆಯುವವರಿಂದ ಇಳುವರಿಯನ್ನು ‘ಇಂಚು’ಗಳಲ್ಲಿ ಮಾತ್ರವಲ್ಲದೆ, ಗಂಟೆಗೆ ಇಷ್ಟು ಲೀಟರ್ ಎಂದು ಲಿಖಿತವಾಗಿ ಪಡೆಯುವುದು.
5. ಲೆಕ್ಕದ ಹಂತಗಳಲ್ಲಿ ಅಂಕಿಯನ್ನು ಸರಿದೂಗಿಸದೆ, ಕೊನೆಯ ಉತ್ತರವನ್ನು ಮಾತ್ರ ಪೂರ್ಣಾಂಕಕ್ಕೆ ಸರಿದೂಗಿಸುವುದು.